ಜೋಡಿ ಕೀಲಿ ಸಿದ್ಧಾಂತ: ದಿಲ್ಲಿ ಸೀಮೆಯ ಕನ್ನಡ ಪ್ರೇಕ್ಷಕರ ದರೋಡೆ ಮೀಮಾಂಸೆ

ಬ್ಯಾಂಕ್ ದರೋಡೆಯ ಸಿನಿಮಾಗಳ ಬಗ್ಗೆ ಈವರೆಗೆ ಬಂದಿರುವ ವಿಮರ್ಶೆಯೆಲ್ಲ ಮೂಲದಲ್ಲೇ ದೋಷದಿಂದ ಕೂಡಿದೆ ಎಂಬುದು ಈ ಪ್ರಬಂಧಕಾರನ ವಿನಮ್ರ ಮತ. ಕೆಲವರು ದರೋಡೆಕೋರನ ಪಕ್ಕ ನಿಂತು ನೋಡಿದ್ದಾರೆ, ಕೆಲವರು ಪೊಲೀಸರ ಪಕ್ಕ. ಹೆಡ್ ಕ್ಯಾಷಿಯರ್ ಪಕ್ಕ ನಿಂತು ನೋಡಿದ ಪುಣ್ಯಾತ್ಮ ಒಬ್ಬನೂ ಇಲ್ಲ. ಈ ಕೊರತೆಯನ್ನು ತುಂಬಿಕೊಡಲು ದಿಲ್ಲಿ, ನೊಯ್ಡಾ, ಗುರುಗ್ರಾಮಗಳ ಕನ್ನಡಿಗರಷ್ಟು ಅರ್ಹರು ಬೇರೆ ಸಿಗಲಾರರು. ಕಾರಣ ಐತಿಹಾಸಿಕವಾದದ್ದು. ಕೆನರಾ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಹುಟ್ಟಿದ್ದು, ಎಲ್ಲವೂ ಒಂದೇ ಅವಿಭಜಿತ ದಕ್ಷಿಣ ಕನ್ನಡದ ಹೊಟ್ಟೆಯಲ್ಲಿ. ಹುಟ್ಟಿದ ಬ್ಯಾಂಕು ಶಾಖೆ ತೆರೆಯದೆ ಇರದು; ಶಾಖೆ ತೆರೆದ ಮೇಲೆ ಟ್ರಾನ್ಸ್‌ಫರ್ ತಪ್ಪದು; ಟ್ರಾನ್ಸ್‌ಫರ್ ಆಗಿ ಬಂದವರಲ್ಲಿ ಕೆಲವರು ಮಕ್ಕಳ ಓದಿನ ನೆಪ ಹೇಳಿ ಯಮುನೆಯ ಆಚೆ ಒಂದು ಫ್ಲ್ಯಾಟ್ ಕೊಂಡು ಉಳಿಯದೆ ಬಿಡರು.

ಅಧ್ಯಯನಕ್ಕೆ ಆರಿಸಿಕೊಂಡ ಆಕರ ಚಿತ್ರ ತಮಿಳಿನ ‘ತುಣಿವು’. ಎಚ್. ವಿನೋದ್ ನಿರ್ದೇಶನ, ಬೋನಿ ಕಪೂರ್ ನಿರ್ಮಾಣ, ಅಜಿತ್ ಕುಮಾರ್ ನಾಯಕ. 2023ರ ಜನವರಿ 11ರಂದು, ವಿಜಯ್ ಅವರ ‘ವಾರಿಸು’ ತೆರೆಗೆ ಬಂದ ದಿನವೇ ಬಂತು. ಚೆನ್ನೈಯಲ್ಲಿ ಇದು ಇಬ್ಬರು ಸ್ಟಾರ್‌ಗಳ ಅಭಿಮಾನಿಗಳ ಕುರುಕ್ಷೇತ್ರವಾದರೆ ನೊಯ್ಡಾದ ಮಾಲಿನಲ್ಲಿ ಸ್ವೆಟರ್ ಮೇಲೆ ಸ್ವೆಟರ್ ತೊಟ್ಟವರ ಬೆಳಗಿನ ಆಟವಾಯಿತು. ಕನ್ನಡಿಗರು ತಮಿಳು ಚಿತ್ರಕ್ಕೆ ಹೋದದ್ದೇಕೆ ಎಂದು ಆಕ್ಷೇಪಿಸುವವರಿಗೆ ಉತ್ತರ ಇಷ್ಟೇ: ಜನವರಿಯ ದಿಲ್ಲಿಯಲ್ಲಿ ಮಾಲಿನ ಒಳಗೆ ಬೆಚ್ಚಗಿರುತ್ತದೆ.

ಈಗ ಪ್ರಮಾಣ ವಿಚಾರ. ಅಭಿಪ್ರಾಯವೆಂಬುದು ಯಾವುದರಿಂದ ಹುಟ್ಟುತ್ತದೆ? ತಾರ್ಕಿಕರು ಪ್ರತ್ಯಕ್ಷವನ್ನು ಮೊದಲಿಗೆ ಇಟ್ಟರು. ಅವರು ಸಿನಿಮಾ ನೋಡಿದವರಲ್ಲ. ನಮ್ಮ ಕ್ಷೇತ್ರಕಾರ್ಯದಲ್ಲಿ ಕಂಡಂತೆ ಮೊದಲ ಪ್ರಮಾಣ ಶಬ್ದ, ಅಂದರೆ ಬೆಂಗಳೂರಿನ ಅಣ್ಣನ ಮಗ ವಾಟ್ಸಾಪಿನಲ್ಲಿ ಕಳಿಸಿದ ಮೂವತ್ತು ಸೆಕೆಂಡಿನ ಧ್ವನಿ. ಎರಡನೆಯದು ಉಪಮಾನ: ಸ್ಪ್ಯಾನಿಷ್ ಸರಣಿ ‘ಮನಿ ಹೈಸ್ಟ್’ ನೋಡಿದವರೆಲ್ಲ ‘ಅದೇ ಇದು’ ಎಂದರು, ನೋಡದವರು ಇನ್ನೂ ಗಟ್ಟಿಯಾಗಿ ಅದನ್ನೇ ಹೇಳಿದರು. ಪ್ರತ್ಯಕ್ಷಕ್ಕೆ ಕೊನೆಯ ಸ್ಥಾನ. ಅದಕ್ಕೂ ಮೇಲಿನದು ಅನುಪಲಬ್ಧಿ, ಕಾಣದೆ ಇರುವುದೇ ಜ್ಞಾನಕ್ಕೆ ದಾರಿಯಾಗುವುದು. ಮಧ್ಯಂತರದ ನಂತರ ಶಾಲು ಹೊದ್ದು ನಿದ್ರೆಹೋದ ಮಾಹಿತಿದಾರಿಣಿಯೊಬ್ಬರು ಹೊರಗೆ ಬಂದು ‘ಸೆಕೆಂಡ್ ಹಾಫ್ ಪರವಾಗಿಲ್ಲ ಕಣ್ರೀ, ಗಲಾಟೆ ಕಮ್ಮಿ’ ಎಂದ ಮಾತು ಈ ಪ್ರಮಾಣಕ್ಕೆ ಸಿಕ್ಕ ಅಪ್ಪಟ ನಿದರ್ಶನ. ಉಳಿದ ಪ್ರಮಾಣಗಳನ್ನು ಚಳಿಯ ಕಾರಣ ಕೈಬಿಡಲಾಗಿದೆ.

ಪ್ರಧಾನ ಮಾಹಿತಿದಾರರು ಉಡುಪಿ ಕಡೆಯ ಒಬ್ಬ ನಿವೃತ್ತ ಮ್ಯಾನೇಜರು. ಶಾಸ್ತ್ರಮರ್ಯಾದೆಗೆ ಅವರನ್ನು ಇಲ್ಲಿ ‘ರಾಯರು’ ಎನ್ನೋಣ. ಚಿತ್ರ ನೋಡಿದ ಮರುದಿನ ಮಯೂರ ವಿಹಾರದ ಅವರ ಮಹಡಿಯ ಮೇಲೆ, ಎಳೆಬಿಸಿಲಿನಲ್ಲಿ, ನೆಲಗಡಲೆ ಮತ್ತು ಗಜಕ್ ಸಮ್ಮುಖದಲ್ಲಿ ಸಂದರ್ಶನ ನಡೆಯಿತು. ಭರತ ಮುನಿ ಹೇಳಿದ ಎಂಟು ರಸಗಳಲ್ಲಿ ಯಾವುದು ಉಂಟಾಯಿತು ಎಂದು ಕೇಳಿದ್ದಕ್ಕೆ ರಾಯರು, ‘ಎಂತದೂ ಆಗ್ಲಿಲ್ಲ ಮಾರಾಯ್ರೆ. ಎರಡನೇ ಕೀ ಯಾರ ಹತ್ರ ಇತ್ತು ಅಂತ ನೋಡ್ತಾ ಕೂತಿದ್ದೆ’ ಎಂದರು.

ಇದೇ ಪ್ರಬಂಧದ ತಿರುಳು. ಬ್ಯಾಂಕಿನ ತಿಜೋರಿಗೆ ಎರಡು ಕೀಲಿ. ಒಂದು ಕ್ಯಾಷಿಯರ್ ಬಳಿ, ಇನ್ನೊಂದು ಅಧಿಕಾರಿಯ ಬಳಿ. ಇದಕ್ಕೆ ಜಾಯಿಂಟ್ ಕಸ್ಟಡಿ ಎನ್ನುತ್ತಾರೆ. ಒಬ್ಬನಿಂದಲೇ ತೆರೆಯಲಾಗದು, ಡೂಪ್ಲಿಕೇಟ್ ಕೀಲಿಗಳು ಬೇರೊಂದು ಶಾಖೆಯಲ್ಲಿ ಮೊಹರಾಗಿ ಕೂತಿರುತ್ತವೆ. ಮೂವತ್ತೈದು ವರ್ಷ ಸೊಂಟದಲ್ಲಿ ಒಂದು ಕೀಲಿ ಕಟ್ಟಿಕೊಂಡು, ಇನ್ನೊಂದು ಕೀಲಿಯವನಿಗೆ ಜ್ವರ ಬಂದರೆ ತಾನೇ ಬೆವರುತ್ತಿದ್ದ ಮನುಷ್ಯ ತೆರೆಯ ಮೇಲೆ ನಾಯಕನ ಮುಖ ನೋಡಲಾರ. ಕಾವ್ಯಕ್ಕೆ ಸಹೃದಯ ಬೇಕಾದಂತೆ ಈ ಪ್ರಕಾರಕ್ಕೆ ಸಹಕೀಲಿದಾರ ಬೇಕು. ಅಜಿತ್ ಬ್ಯಾಂಕಿನೊಳಗೆ ಮೂನ್‌ವಾಕ್ ಮಾಡಿದಾಗ ಇಡೀ ಥಿಯೇಟರ್ ಶಿಳ್ಳೆ ಹೊಡೆಯುತ್ತಿದ್ದರೆ ರಾಯರು ‘ಕೌಂಟರಿನ ಗೇಟು ಹಾಕಿಲ್ಲ ನೋಡಿ’ ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದರಂತೆ.

ಚಿತ್ರದಲ್ಲಿ ಐನೂರು ಕೋಟಿಯ ಮಾತು ಬರುತ್ತದೆ. ರಾಯರು ಪಾಪ್‌ಕಾರ್ನ್ ಜೊತೆ ಕೊಟ್ಟಿದ್ದ ಟಿಶ್ಯೂ ಕಾಗದಗಳನ್ನು ಜೇಬಿನಿಂದ ತೆಗೆದು, ಹೆಬ್ಬೆರಳನ್ನು ಇಲ್ಲದ ಸ್ಪಂಜಿಗೆ ಒತ್ತಿ, ಮೂಲೆ ಹಿಡಿದು ಸರಸರನೆ ಎಣಿಸಿದರು. ಒಂಬತ್ತು. ಮತ್ತೊಮ್ಮೆ ಎಣಿಸಿದರು. ಒಂಬತ್ತೇ. ‘ಪ್ಯಾಕೆಟ್ ಅಂದ್ರೆ ನೂರು ನೋಟು, ಬಂಡಲ್ ಅಂದ್ರೆ ಹತ್ತು ಪ್ಯಾಕೆಟ್. ಐನೂರರ ನೋಟೇ ಹಿಡೀರಿ. ಒಂದು ಕೋಟಿ ನೋಟಾಯ್ತು, ಹತ್ತು ಸಾವಿರ ಬಂಡಲ್. ನೋಟಿಗೆ ಬರೇ ಒಂದು ಗ್ರಾಮಾದ್ರೂ ಹತ್ತು ಟನ್. ಯಾರು ಹೊರ್ತಾರೆ?’ ಇದಕ್ಕೆ ಪ್ರಬಂಧಕಾರನ ಪೂರಕ ಲೆಕ್ಕ: ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಯೋಜನೆ ಶುರು ಮಾಡಿದಾಗ ಏಜೆಂಟರು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಕಟ್ಟಿಸಿಕೊಂಡು ಹೋಗುತ್ತಿದ್ದರು. ಆ ದರದಲ್ಲಿ ಐನೂರು ಕೋಟಿ ಕೂಡಿಸಲು ಹತ್ತು ಕೋಟಿ ವರ್ಷಕ್ಕೂ ಹೆಚ್ಚು ಬೇಕು. ಖಾತೆಯನ್ನು ಡೈನೋಸಾರ್‌ಗಳ ಕಾಲದಲ್ಲೇ ತೆರೆಯಬೇಕಿತ್ತು. ಬಡ್ಡಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಪೂರ್ವಪಕ್ಷವನ್ನೂ ದಾಖಲಿಸಬೇಕು. ಧಾರವಾಡದ ಕಡೆಯ, ಸಚಿವಾಲಯದಿಂದ ನಿವೃತ್ತರಾದ ಇನ್ನೊಬ್ಬ ಮಾಹಿತಿದಾರರು, ‘ಸಿನಿಮಾದಾಗ ಕೀಲಿ ಯಾಕ್ರೀ ಬೇಕು, ಹೀರೋನ ಕೀಲಿ’ ಎಂದು ವಾದಿಸಿದರು. ಅವರ ಪ್ರಕಾರ ಈ ಪ್ರಕಾರದ ಶಿಖರ 2002ರ ‘ಆಂಖೇ’. ಅದರಲ್ಲಿ ಅಮಿತಾಭ್ ಬಚ್ಚನ್ ತಾನು ದುಡಿದ ಬ್ಯಾಂಕಿಗೇ ಮೂವರು ಕುರುಡರಿಗೆ ತಾಲೀಮು ಕೊಟ್ಟು ಕನ್ನ ಹಾಕಿಸುತ್ತಾನೆ. ರಾಯರು ಒಪ್ಪಲಿಲ್ಲ. ‘ವಿಲಾಸರಾವ್ ಜೆಫರ್ಸನ್ ಬ್ಯಾಂಕ್ ಅಂತೆ! ರಿಸರ್ವ್ ಬ್ಯಾಂಕಿನ ಯಾವ ಶೆಡ್ಯೂಲಲ್ಲಿ ಉಂಟು ಅದು?’ ‘ತುಣಿವು’ ಚಿತ್ರದ ಬ್ಯಾಂಕಿನ ಹೆಸರು ‘ಯುವರ್ ಬ್ಯಾಂಕ್’. ಅಲ್ಲಿ ಮ್ಯೂಚುವಲ್ ಫಂಡ್ ಹೆಸರಿನಲ್ಲಿ ಗ್ರಾಹಕರ ದುಡ್ಡನ್ನು ಬ್ಯಾಂಕೇ ನುಂಗಿದೆ ಎಂದು ಬಯಲಾಗುವಾಗ ಇಬ್ಬರೂ ಸುಮ್ಮನಾದರಂತೆ. ರಾಯರ ಸೊಸೆ ಈಗಲೂ ಒಂದು ಬ್ಯಾಂಕಿನಲ್ಲಿದ್ದಾಳೆ, ತಿಂಗಳ ಕೊನೆಯಲ್ಲಿ ಟಾರ್ಗೆಟ್ ಮುಗಿಯದಿದ್ದರೆ ಅಮ್ಮನ ಹೆಸರಿನಲ್ಲೇ ಪಾಲಿಸಿ ಮಾಡಿಸುತ್ತಾಳೆ. ಹೆಸರಿನ ಬಗ್ಗೆ ಮಾತ್ರ ರಾಯರು ಗೊಣಗಿದರು: ‘ಯುವರ್ ಬ್ಯಾಂಕ್ ಅಂತೆ. ನನ್ನದು ಎಲ್ಲಿ ಉಂಟು ಈಗ?’ 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬರೋಡಾದೊಳಗೆ, ಮರುವರ್ಷ ಅದೇ ತಾರೀಕು ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ ಹೋದವು. ಒಂದೂ ಗುಂಡು ಹಾರಲಿಲ್ಲ, ಯಾರೂ ಮುಖವಾಡ ತೊಡಲಿಲ್ಲ. ಎರಡೂ ಏಪ್ರಿಲ್ ಒಂದನೇ ತಾರೀಕೇ ಆದದ್ದು ಕಾಕತಾಳೀಯ. ಅದು ಹಣಕಾಸು ವರ್ಷದ ಮೊದಲ ದಿನ.

ದಿಲ್ಲಿ ಪ್ರೇಕ್ಷಕನಿಗೆ ಸಿನಿಮಾದ ದರೋಡೆ ರುಚಿಸದಿರಲು ಇನ್ನೊಂದು ಕಾರಣ ಸಂಸತ್ ಮಾರ್ಗದಲ್ಲಿದೆ. 1971ರ ಮೇ 24ರಂದು ಅಲ್ಲಿನ ಸ್ಟೇಟ್ ಬ್ಯಾಂಕಿನ ಮುಖ್ಯ ಕ್ಯಾಷಿಯರ್ ವೇದ್ ಪ್ರಕಾಶ್ ಮಲ್ಹೋತ್ರಾಗೆ ಒಂದು ಫೋನ್ ಬಂತು. ಮೊದಲು ಪ್ರಧಾನಿಯ ಕಾರ್ಯದರ್ಶಿ ಪಿ.ಎನ್. ಹಕ್ಸರ್ ಅವರದೆಂಬ ದನಿ, ಆಮೇಲೆ ಇಂದಿರಾ ಗಾಂಧಿಯವರದೇ ಎಂಬಂಥ ದನಿ. ಬಾಂಗ್ಲಾದೇಶದ ಗುಟ್ಟಿನ ಕೆಲಸಕ್ಕೆ ಅರವತ್ತು ಲಕ್ಷ ಬೇಕು, ‘ಬಾಂಗ್ಲಾದೇಶದ ಬಾಬು’ ಎನ್ನುವವನ ಕೈಗೆ ಕೊಡು ಎಂದಿತು. ಮಲ್ಹೋತ್ರಾ ಬ್ಯಾಂಕಿನ ಕಾರಿನಲ್ಲೇ ಒಯ್ದು ಕೊಟ್ಟರು. ಹೊತ್ತು ಕಳೆದು ರಸೀದಿಗೆಂದು ಪ್ರಧಾನಿಯವರಲ್ಲಿಗೆ ಹೋದಾಗ ಅಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ‘ಬಾಬು’ ಆಗಿ ಬಂದು ಹಣ ಒಯ್ದಿದ್ದ ರುಸ್ತುಂ ಸೊಹ್ರಾಬ್ ನಾಗರವಾಲಾ ಅಂದು ರಾತ್ರಿಯೇ ಸಿಕ್ಕಿಬಿದ್ದ, ಹಣದ ಬಹುಪಾಲೂ ಸಿಕ್ಕಿತು; ದಿನಗಳೊಳಗೆ ಶಿಕ್ಷೆಯಾಯಿತು, ಮರುವರ್ಷ ಮಾರ್ಚಿನಲ್ಲಿ ಬಂಧನದಲ್ಲಿದ್ದಾಗಲೇ ತೀರಿಹೋದ. ಮುಂದೆ ಜನತಾ ಸರ್ಕಾರ ನ್ಯಾಯಮೂರ್ತಿ ಜಗನ್ಮೋಹನ ರೆಡ್ಡಿ ಆಯೋಗವನ್ನು ಕೂರಿಸಿತು. ಒಳಗಿನ ಗುಟ್ಟಿನ ಚರ್ಚೆ ಇಂದಿಗೂ ಮುಗಿದಿಲ್ಲ, ಅದು ರಾಯರಿಗೆ ಬೇಕಾಗಿಯೂ ಇಲ್ಲ. ಅವರು ಈ ಕಥೆ ಹೇಳುವಾಗ ಪ್ರತಿಸಲ ನಿಲ್ಲುವುದು ರಸೀದಿಯ ಹತ್ತಿರ. ‘ಪಾಪ, ಕಡೆಗೂ ವೋಚರ್ ಕೇಳ್ಲಿಕ್ಕೆ ಹೋದ ನೋಡಿ’ ಎನ್ನುವಾಗ ಅವರ ಕಣ್ಣಲ್ಲಿ ಕರುಣರಸ ಸ್ಪಷ್ಟವಾಗಿ ಕಂಡುಬಂತು. ‘ತುಣಿವು’ ಎರಡೂವರೆ ಗಂಟೆಯಲ್ಲಿ ಮಾಡದ ಕೆಲಸ ಇದು.

ಸಂದರ್ಶನ ಮುಗಿಯುವ ಹೊತ್ತಿಗೆ ರಾಯರ ಮೊಬೈಲ್ ಹೊಡೆದುಕೊಂಡಿತು. ಸ್ಪೀಕರಿಗೆ ಹಾಕಿದರು. ಒಬ್ಬ ಹುಡುಗ ಹಿಂದಿಯಲ್ಲಿ, ಬ್ಯಾಂಕಿನಿಂದ ಮಾತಾಡುತ್ತಿದ್ದೇನೆ, ನಿಮ್ಮ ಕೆವೈಸಿ ಮುಗಿದಿದೆ, ಈಗ ಬರುವ ಒಟಿಪಿ ಹೇಳಿ, ಇಲ್ಲದಿದ್ದರೆ ಖಾತೆ ಬಂದ್ ಎಂದ. ಅವನು ಹೇಳಿದ್ದು ವಿಲೀನವಾಗಿ ಮೂರು ವರ್ಷವಾಗುತ್ತ ಬಂದ, ರಾಯರು ದುಡಿದ ಬ್ಯಾಂಕಿನ ಹೆಸರು. ಪ್ರಬಂಧಕಾರ ಫೋನ್ ಇಡಿ ಎಂದು ಸನ್ನೆ ಮಾಡಿದ. ರಾಯರು ಕುರ್ಚಿಯಲ್ಲಿ ನೆಟ್ಟಗೆ ಕೂತು, ಯಾವ ಬ್ರಾಂಚಪ್ಪ, ಈಗ ಮ್ಯಾನೇಜರ್ ಯಾರು, ಬೋರ್ಡು ಹಳೇದೇ ಉಂಟಾ ಎಂದು ತಮ್ಮ ಮುರುಕು ಹಿಂದಿಯಲ್ಲಿ ಒಂದೊಂದಾಗಿ ವಿಚಾರಿಸತೊಡಗಿದರು. ಹುಡುಗ ಮತ್ತೆ ಒಟಿಪಿ ಎಂದ. ‘ಒಂದು ಕೀ ಮಾತ್ರ ನನ್ನ ಹತ್ರ, ಇನ್ನೊಂದು ಹೆಂಡತಿ ಹತ್ರ. ಅವಳು ಮಲಗಿದ್ದಾಳೆ, ನಾಲ್ಕು ಗಂಟೆ ಮೇಲೆ ಮಾಡು’ ಎಂದರು ರಾಯರು. ಆ ಕಡೆ ಫೋನ್ ಕಟ್ಟಾಯಿತು. ಐದು ನಿಮಿಷ ಬಿಟ್ಟು ರಾಯರು ತಾವೇ ಆ ನಂಬರಿಗೆ ತಿರುಗಿ ಮಾಡಿದರು. ಎಂಗೇಜ್ ಬರುತ್ತಿತ್ತು.