ಗುಲಾಬಿ ರಾಯರು

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಎರಡು ರಸ್ತೆಗೊಬ್ಬರಂತೆ ಗುಲಾಬಿ ರಾಯರು ಇದ್ದೇ ಇರುತ್ತಾರೆ. ನಿವೃತ್ತಿಯಾಗಿರುತ್ತದೆ, ಮಕ್ಕಳು ಅಮೆರಿಕದಲ್ಲಿರುತ್ತಾರೆ, ಕಾಂಪೌಂಡಿನೊಳಗೆ ಮಣ್ಣೆಂಬುದು ಇನ್ನೂ ಉಳಿದಿರುತ್ತದೆ. ಗೇಟು ತೆಗೆದವರನ್ನು ಅವರು ಮೊದಲು ಕೇಳುವುದು ‘ನೆಗಡಿ ಇಲ್ಲ ತಾನೆ?’ ಎಂದು. ಇದ್ದರೆ ಇನ್ನೊಂದು ದಿನ ಬರಬೇಕು. ಇಲ್ಲದಿದ್ದರೆ ಚಪ್ಪಲಿ ಬಿಡುವ ಮೊದಲೇ ನಿಮ್ಮನ್ನು ಎಡ್ವರ್ಡ್ ಎಂಬ ಗುಲಾಬಿ ಗಿಡದ ಮುಂದೆ ಬಗ್ಗಿಸುತ್ತಾರೆ.

‘ಎಳೀರಿ ಉಸಿರು. ಇನ್ನೂ! ಏನು ಸಿಗ್ತು?’

‘ಗುಲಾಬಿ ವಾಸನೆ, ಸಾರ್.’

‘ಅಷ್ಟೇನಾ? ಹಿಂದುಗಡೆ ಒಂಚೂರು ಜೇನು ಬರ್ಲಿಲ್ವೆ?’

ಬಂತು ಎನ್ನದೆ ಕಾಫಿ ಸಿಗುವುದಿಲ್ಲ.

ಆಮೇಲೆ ಹೆಣ್ಣಿನ ಕಡೆಯವರು ಬೀಗರ ಮುಂದೆ ಹೇಳುವಂತೆ ವಂಶಾವಳಿ ಶುರು. ಮೂಲ ರಿಯೂನಿಯನ್ ದ್ವೀಪ, ಆಗಿನ ಹೆಸರು ಬೂರ್ಬನ್. ಬಿಟ್ಟೂಬಿಡದೆ ಹೂ ಬಿಡುವ ಗುಣ ಚೀನಾ ಗುಲಾಬಿಯ ಕಡೆಯಿಂದ, ಪರಿಮಳ ಡಮಾಸ್ಕ್ ಕಡೆಯಿಂದ. 1867ರಲ್ಲಿ ಫ್ರಾನ್ಸಿನಲ್ಲಿ ‘ಲಾ ಫ್ರಾನ್ಸ್’ ಎಂಬ ಹೈಬ್ರಿಡ್ ಟೀ ಗುಲಾಬಿ ಬಂತು. ರಾಯರ ಪಂಚಾಂಗದಲ್ಲಿ ಕಲಿಯುಗ ಆರಂಭವಾದದ್ದು ಅಂದೇ. ಆ ಕುಲದ್ದೇ ಆದ ಮದುವೆ ಮಂಟಪದ ಡಚ್ ಗುಲಾಬಿ ಕಂಡರೆ ಮೂಗನ್ನೇ ಬೇರೆ ಕಡೆ ತಿರುಗಿಸುತ್ತಾರೆ. ಅವರ ಸಿಟ್ಟಿನಲ್ಲಿ ನ್ಯಾಯವಿದೆ. ಉದ್ದ ಕಾಂಡ, ದಪ್ಪ ಎಸಳು, ಹೂದಾನಿಯಲ್ಲಿ ವಾರ ನಿಲ್ಲುವ ತಾಕತ್ತು ಇಷ್ಟನ್ನೇ ನೋಡಿ ತಳಿ ಆರಿಸುತ್ತ ಹೋದವರು ವಾಸನೆಯನ್ನು ದಾರಿಯಲ್ಲೇ ಬಿಟ್ಟರು. ರಾಯರ ಹೂವೋ, ಬೆಳಿಗ್ಗೆ ಕಿತ್ತರೆ ಸಂಜೆಗೆ ಎಸಳುದುರಿಸುತ್ತದೆ. ಅದು ಸ್ವಾಭಿಮಾನವಂತೆ.

ಮಡಿವಂತ ಮನೆ. ಆದರೆ ಶೆಡ್ಡಿನಲ್ಲಿ ಬೇವಿನ ಹಿಂಡಿಯ ಹಿಂದೆ ಎಲುಬಿನ ಪುಡಿಯ ಚೀಲವೊಂದಿದೆ. ಮನೆಯವರ ಮಟ್ಟಿಗೆ ಅದು ಸುಣ್ಣ. ಅವರು ಇಂದಿಗೂ ಮಲ್ಲಿಗೆಯನ್ನೇ ಕೊಂಡು ಮುಡಿಯುತ್ತಾರೆ. ಗುಲಾಬಿ ಕೀಳುವ ಅಪ್ಪಣೆ ಅವರಿಗೂ ಸಿಕ್ಕಿಲ್ಲ. ದೇವರಿಗೂ ದಾಸವಾಳವೇ ಗತಿ.

ಅಪ್ಪಣೆ ಕೇಳದವರು ವಾಕಿಂಗಿನವರು. ಪ್ಲಾಸ್ಟಿಕ್ ಕವರು ಹಿಡಿದು, ಬಾಯಲ್ಲಿ ಸಹಸ್ರನಾಮ, ಕೈ ಕಾಂಪೌಂಡಿನೊಳಗೆ. ರಾಯರು ಐದಕ್ಕೇ ಎದ್ದು ಕಾವಲು ಕೂರುತ್ತಾರೆ. ಬಿಸಿಲೇರಿದರೆ ಪರಿಮಳ ಆರಿಹೋಗುತ್ತದೆ, ಅದಕ್ಕೇ ಬೇಗ ಏಳುವುದು ಎಂಬುದು ಬಹಿರಂಗ ಕಾರಣ.

ಪಕ್ಕದ ಮನೆಯವರು ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಿಂದ ತಂದ ದುಬಾರಿ ಕಸಿಗಿಡ ಹೋದ ಬೇಸಿಗೆಯಲ್ಲಿ ಮೇಲೆ ಒಣಗಿ, ಬುಡದಿಂದ ಬೇರೆಯೇ ಚಿಗುರು ಹೊಡೆಯಿತು. ಬಿಟ್ಟ ಹೂ ಪುಟ್ಟದು, ಬರೀ ಗುಲಾಬಿ ಬಣ್ಣ. ಮೋಸ ಹೋದೆವೆಂದು ಅವರು ಕೀಳಲು ಹೊರಟಾಗ ರಾಯರು ಪಂಚೆಯಲ್ಲೇ ಓಡಿದರು. ಕಸಿಗೆ ಬೇರು ಕೊಟ್ಟ ಗಿಡ ಎಡ್ವರ್ಡ್! ಅದರ ಹೆಗಲ ಮೇಲೆ ಕೂತವನು ಸತ್ತ, ಹೊತ್ತವನು ಉಳಿದ ಎಂದು ಬೀದಿಗೆಲ್ಲ ಹೇಳಿದರು.

ಮರುದಿನ ಮಬ್ಬುಗತ್ತಲಲ್ಲಿ ನಾಯಿ ಬೊಗಳಿತು. ಪಕ್ಕದವರು ಟಾರ್ಚು ಬಿಟ್ಟರೆ, ಅವರ ಕಾಂಪೌಂಡಿನ ಮೇಲೆ ರಾಯರು ಬಾಗಿದ್ದಾರೆ. ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಕವರು.

‘ಕಡ್ಡಿ ಅಷ್ಟೇ ಕಣ್ರೀ, ಹೂ ಮುಟ್ಟಿಲ್ಲ. ನಮ್ಮನೇದಕ್ಕಿಂತ ಇದು ಒಂಚೂರು ಘಾಟು.’