ವೈನಿ ಸೂಪರ್ ಮಾರ್ಕೆಟ್‌ಗೆ ಹೊಂಟಾರ

ನಮ್ಮೂರಲ್ಲಿ ಬೋರ್ಡು ಬದಲಾಗಲು ಬಹಳ ಹೊತ್ತು ಹಿಡಿಯುವುದಿಲ್ಲ. 2014ರ ನವೆಂಬರ್ 1ಕ್ಕೆ ಗುಲ್ಬರ್ಗ ಹೋಗಿ ಕಲಬುರಗಿ ಬಂತು. 2019ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂತು. ಅದರ ಹಿಂದೆಯೇ ಈಶಾನ್ಯ ಸಾರಿಗೆಯ ಬಸ್ಸುಗಳೂ ಮೈಮೇಲಿನ ಅಕ್ಷರ ಅಳಿಸಿಕೊಂಡು ಕಲ್ಯಾಣ ಕರ್ನಾಟಕ ಸಾರಿಗೆಯಾದವು. ಪೇಂಟರುಗಳಿಗೆ ಕೈತುಂಬ ಕೆಲಸ. ಆದರೆ ಮನುಷ್ಯರ ಮೇಲೆ ಪೇಂಟು ಅಷ್ಟು ಸಲೀಸಾಗಿ ಹತ್ತುವುದಿಲ್ಲ. ನಮ್ಮ ಪಕ್ಕದ ಮನೆ ವೈನಿಯನ್ನೇ (ನಮ್ಮ ಕಡೆ ಅತ್ತಿಗೆಗೆ ಹೀಗನ್ನುತ್ತೇವೆ) ತಗೊಳ್ಳಿ. ಅವರ ಬಾಯಲ್ಲಿ ಊರು ಇವತ್ತಿಗೂ ‘ಗುಲ್ಬರ್ಗಾ’ನೇ. ತವರು ಕಮಲಾಪುರ 2018ರಲ್ಲಿ ತಾಲ್ಲೂಕಾಗಿದ್ದರೂ ಅವರಿಗೆ ಅದು ಈಗಲೂ ‘ನಮ್ಮ ಹಳ್ಳಿ’. ಇಂಥ ವೈನಿ ಈಚೆಗೆ ಬದಲಾಗಿರುವುದನ್ನು ನೋಡಿದರೆ ನನಗೆ ಬೋರ್ಡು ಬದಲಾಯಿಸಿದವರ ಮೇಲೆ ಸ್ವಲ್ಪ ಕನಿಕರವೇ ಹುಟ್ಟುತ್ತದೆ.

ನಮ್ಮಿಬ್ಬರ ಮನೆ ನಡುವೆ ಎದೆಯೆತ್ತರದ ಕಂಪೌಂಡ್ ಗೋಡೆ. ಅದರ ಮೇಲೆ ನಿತ್ಯ ಒಂದಾದರೂ ಬಟ್ಟಲು ದಾಟುತ್ತದೆ, ಆ ಕಡೆಯಿಂದ ಪುಂಡಿಪಲ್ಯ, ಈ ಕಡೆಯಿಂದ ಶೇಂಗಾ ಹಿಂಡಿ. ಬಟ್ಟಲು ಖಾಲಿ ವಾಪಸು ಹೋಗಬಾರದು ಅನ್ನುವುದೊಂದು ನೇಮ. ಹಾಗಾಗಿ ಯಾರು ಮೊದಲು ಕೊಟ್ಟರು, ಯಾರ ಬಾಕಿ ಎಷ್ಟು ಎಂಬ ಲೆಕ್ಕ ಯಾವತ್ತೂ ಚುಕ್ತಾ ಆಗಿಲ್ಲ.

“ತಂಗಿ, ನಾಳಿ ಸೂಪರ್ ಮಾರ್ಕೆಟ್‌ಗೆ ಹೊಂಟೀವಿ. ಬರ್ತೀ ಏನು?”

“ಯಾರ್ಯಾರು ವೈನಿ?”

“ಯಾರ್ಯಾರೇನ, ಓಣ್ಯಾಗಿನವರೆಲ್ಲ. ಮೂಲಿಮನಿ ಕಾಕು, ಟೇಲರ್ ಮನಿ ಆಪಾ, ಹಿಂದಿನ ಮನಿ ಟೀಚರ್. ಬಂದ್ರ ಹತ್ತಕ್ಕ ತಯಾರಾಗು, ಇಲ್ಲಂದ್ರ ನಾವು ನಿಲ್ಲಂಗಿಲ್ಲ ನೋಡು.”

‘ನಿಲ್ಲಂಗಿಲ್ಲ’ ಎಂದು ಹೇಳುತ್ತಿರುವ ಈ ಹೆಂಗಸು ಮದುವೆಯಾಗಿ ಬಂದ ಮೇಲೆ ಎಷ್ಟೋ ವರ್ಷ ಸೂಪರ್ ಮಾರ್ಕೆಟ್ ಕಂಡಿದ್ದು ಗಂಡನ, ಅಂದರೆ ನಮ್ಮ ಅಣ್ಣಾವರ, ಬೆನ್ನ ಹಿಂದಿನಿಂದ. ಅಣ್ಣಾವರು ಮುಂದೆ ಮುಂದೆ, ಇವರು ಸೆರಗು ಹೊದ್ದು ಹಿಂದೆ ಹಿಂದೆ. ಸೀರೆಯ ಬಣ್ಣವನ್ನೂ ಅಣ್ಣಾವರೇ ಆರಿಸಬೇಕು. ಅವರಿಗೆ ಗೊತ್ತಿದ್ದುದು ಎರಡೇ ಬಣ್ಣ, ಹಸಿರು ಮತ್ತು ‘ಆ ಇನ್ನೊಂದು’.

ಪರವೂರಿನವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಎಸಿ ಇಲ್ಲ, ತಳ್ಳುವ ಬುಟ್ಟಿಗಾಡಿ ಇಲ್ಲ. ಅದು ಊರ ನಡುವಿನ ಬಜಾರು. ಸಿಟಿ ಬಸ್ಸು ಬಂದು ನಿಲ್ಲುವ ಜಾಗ. ಬಟ್ಟೆ, ಬಳೆ, ಪಾತ್ರೆ, ಮೊಬೈಲ್ ಕವರು, ಕಾಯಿಪಲ್ಲೆ, ಎಲ್ಲಕ್ಕೂ ಒಂದೇ ಗದ್ದಲ. ಅಲ್ಲಿ ಕನ್ನಡದಲ್ಲಿ ರೇಟು ಕೇಳಿ, ದಖನಿ ಉರ್ದುವಿನಲ್ಲಿ ಚೌಕಾಸಿ ಮಾಡಿ, ಮರಾಠಿಯಲ್ಲಿ ‘ನಕೋ’ ಅಂದು ಮುಂದೆ ಹೋಗಬಹುದು, ಯಾರೂ ತಿರುಗಿ ನೋಡುವುದಿಲ್ಲ. ಮೇ ತಿಂಗಳಲ್ಲಿ ಮಾತ್ರ ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿ ಕಾಲಿಟ್ಟವನು ತನ್ನ ಪಾಪಕ್ಕೆ ತಾನೇ ಹೊಣೆ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತಲ್ಲ, ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾದಾ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣ. ವೈನಿ ಮೊದಲ ದಿನವೇ ಓಡಿಹೋಗಿ ಬಸ್ಸು ಹತ್ತಿದರು ಎಂದುಕೊಂಡರೆ ಸುಳ್ಳು. ಬಹಳ ದಿನ ಗೋಡೆಗೆ ಆತು ನಿಂತು ಅನುಮಾನವನ್ನೇ ಅರೆದರು.

“ಪುಕ್ಕಟ ಅಂತ ಹತ್ತಿಸ್ಕೊಂಡು ನಡುದಾರ್ಯಾಗ ಇಳಿ ಅಂದ್ರ ಏನ್ ಮಾಡ್ಲಿ? ಕಂಡಕ್ಟರ್ ನಾಕು ಮಂದಿ ಮುಂದ ಬೈದ್ರ?”

“ಆಧಾರ್ ತೋರಿಸಿದ್ರ ಟಿಕೇಟ್ ಕೊಡ್ತಾನ್ರೀ ವೈನಿ. ಟಿಕೇಟಿನ ಮ್ಯಾಲ ಸೊನ್ನಿ ಇರ್ತದ ಅಷ್ಟೆ.”

“ಸೊನ್ನಿ ಟಿಕೇಟ್ ಇಟ್ಕೊಂಡು ಕುಂದ್ರೂದು ಅಂದ್ರ ಹ್ಯಾಂಗೋ ಅನ್ನಸ್ತದ.”

ಕಡೆಗೆ ಅವರನ್ನು ಹೊರಡಿಸಿದ್ದು ಸರ್ಕಾರವೂ ಅಲ್ಲ, ನಾನೂ ಅಲ್ಲ. ಆಪಾ. “ಚಲೋ ಬಾಭಿ, ನಾ ಇಲ್ಲೇನು” ಎಂದು ಕೈ ಹಿಡಿದುಕೊಂಡು ಹೋದರು. ವಾಪಸು ಬಂದವರು ಗೋಡೆಯ ಮೇಲಿಂದ ಆ ಟಿಕೆಟನ್ನು ನನಗೆ ತೋರಿಸಿದರು. ನಾಕು ಮಡಿಕೆ ಮಾಡಿ ಕುಂಕುಮದ ಡಬ್ಬಿಯ ಕೆಳಗೆ ಇಟ್ಟಿದ್ದರು. “ಒಬ್ಬಾಕಿನೇ ಹೋಗು ಅಂದಿದ್ರ ಸತ್ರೂ ಹೋಗ್ತಿದ್ದಿಲ್ಲ ತಂಗಿ” ಅಂದರು.

ಈ ಯೋಜನೆಯಡಿ ಹೆಂಗಸರ ಪ್ರಯಾಣದ ಲೆಕ್ಕ 2025ರ ಜುಲೈನಲ್ಲಿ 500 ಕೋಟಿ ದಾಟಿತೆಂದು ಸರ್ಕಾರ ಸಂಭ್ರಮಿಸಿತು. ಅದರಲ್ಲಿ ‘ಒಬ್ಬಾಕಿನೇ ಹೋಗ್ತಿದ್ದಿಲ್ಲ’ ಎನ್ನುವವರು ಎಷ್ಟು ಮಂದಿ ಎಂದು ಯಾವ ಟಿಕೆಟ್ ಮಷೀನೂ ಬರೆದುಕೊಂಡಿಲ್ಲ. ನನ್ನ ಅಂದಾಜು ಕೇಳಿದರೆ, ಅವರೇ ಜಾಸ್ತಿ. ಸರ್ಕಾರ ಟಿಕೆಟ್ ಮಾಫಿ ಮಾಡಿತು, ಹೌದು. ಭಯ ಮಾಫಿ ಮಾಡಿದ್ದು ಓಣಿ.

ಅಣ್ಣಾವರ ತಕರಾರು ಬೇರೆ. ಅವರು ಗೋಡೆಗೆ ಬರುವುದಿಲ್ಲ, ಒಳಗಿನಿಂದಲೇ ಕೂಗುತ್ತಾರೆ: “ರೊಕ್ಕ ಕೊಟ್ಟವ ನಿಂತ್ಕೊಂಡ್ ಹೋಗ್ಬೇಕು, ಪುಕ್ಕಟ ಬಂದವರು ಕುಂತ್ಕೊಂಡ್ ಹೋಗ್ತಾರ. ಇದ್ಯಾವ ನ್ಯಾಯ?” ಮಾತಿನಲ್ಲಿ ಸತ್ಯ ಇಲ್ಲದಿಲ್ಲ. ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಕಾಲೇಜು ಹುಡುಗರು ಬಾಗಿಲಲ್ಲಿ ಜೋತಾಡುತ್ತಾರೆ, ಆಟೋದವರ ಬಾಡಿಗೆ ಕಡಿಮೆಯಾಗಿದೆ. ಬಸ್ಸು ಹೆಚ್ಚು ಬಿಡಿ ಎನ್ನುವುದು ನ್ಯಾಯವಾದ ಮಾತು. ಆದರೆ ಅಣ್ಣಾವರ ಸಿಟ್ಟು ಬಸ್ಸಿನ ಸಂಖ್ಯೆ ಬಗ್ಗೆ ಇದ್ದಂತಿಲ್ಲ. ಎಷ್ಟೋ ವರ್ಷ ಬೆನ್ನ ಹಿಂದೆ ನಡೆಯುತ್ತಿದ್ದವರು ಈಗ ಮುಂದಿನ ಸೀಟಿನಲ್ಲಿ ಕೂತಿದ್ದಾರೆ, ಅದು ಕಣ್ಣಿಗೆ ಇನ್ನೂ ಒಗ್ಗಿಲ್ಲ. ಒಗ್ಗುತ್ತದೆ, ವಯಸ್ಸಿನ್ನೂ ಎಪ್ಪತ್ತೇ.

ಅದೇ ಬಸ್ಸು ವೈನಿಗೆ ತವರನ್ನೂ ಹತ್ತಿರ ತಂದಿತು. ಕಮಲಾಪುರ ದೂರವೇನಿಲ್ಲ, ಹುಮನಾಬಾದ್ ದಾರಿಯಲ್ಲಿ ಮಹಾಗಾಂವ್ ಕ್ರಾಸ್ ದಾಟಿ ಮುಂದೆ ಹೋದರೆ ಬಂದೇಬಿಟ್ಟಿತು. 2017ರಿಂದ ಬೀದರ್ ರೈಲೂ ಆ ಕಡೆ ಓಡುತ್ತಿದೆ. ಆದರೂ ಮೊದಲೆಲ್ಲ ಹಬ್ಬಕ್ಕೊಮ್ಮೆ, ಅಣ್ಣ ಕರೆಯಲು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಈಗ ಬೆಳಿಗ್ಗೆ ಹೋಗಿ ಸಂಜೆಗೆ ಕೆಂಪು ಬಾಳೆಹಣ್ಣಿನೊಂದಿಗೆ ಹಾಜರ್.

ಆ ಹಣ್ಣಿನ ವಿಷಯ ಬಂದರೆ ವೈನಿ ನಿಲ್ಲಿಸುವುದಿಲ್ಲ. ಕಮಲಾಪುರದ ಕೆಂಪು ಬಾಳೆಗೆ ಜಿಐ ಮಾನ್ಯತೆ ಇದೆ, ನಮ್ಮ ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಸಿಕ್ಕಿತಲ್ಲ, ಹಾಗೆ. ದಪ್ಪಗೆ, ಗಿಡ್ಡಗೆ, ಮಾವಿನ ಚಿಗುರಿನಂಥ ಕೆಂಪು ಸಿಪ್ಪೆ. ಒಳಗೆ ಕೆನೆ ಬಣ್ಣ. ಬೇರೆ ಬಾಳೆಗಿಂತ ತಡವಾಗಿ ಕಾಯಿಗೆ ಬರುತ್ತದೆ, ನೀರು ಗೊಬ್ಬರ ಜಾಸ್ತಿ ಕೇಳುತ್ತದೆ, ಹಾಗಾಗಿ ರೇಟೂ ಜಾಸ್ತಿ. “ಶ್ರೀಮಂತರ ಹಣ್ಣು ಅಂತಾರ. ಬೆಳೆದವ ಶ್ರೀಮಂತ ಆಗಿದ್ದು ನಾ ಅಂತೂ ನೋಡಿಲ್ಲ” ಎನ್ನುತ್ತಾರೆ ವೈನಿ. ಅವರ ಅಣ್ಣ ಅರ್ಧ ತೋಟ ತೆಗೆದು ಕಬ್ಬು ಹಾಕಿದ್ದಾನೆ. ಆ ಸಿಟ್ಟಿಗೆ ಹೋದ ದೀಪಾವಳಿಗೆ ಅವನ ಕೂಡ ಎರಡು ದಿನ ಮಾತು ಬಿಟ್ಟಿದ್ದರು.

ಸೂಪರ್ ಮಾರ್ಕೆಟ್‌ನಲ್ಲಿ ಬಾಳೆಹಣ್ಣು ಮಾರುವ ಒಬ್ಬ ಮುದುಕಿ ವೈನಿಗೆ ಪರಿಚಯ. ಅವಳ ಬುಟ್ಟಿಯ ಪಕ್ಕ ಈಗ ಸ್ಕ್ಯಾನರಿನ ಹಲಗೆ, ‘ಇಷ್ಟು ರೂಪಾಯಿ ಬಂತು’ ಎಂದು ಕೂಗುವ ಸಣ್ಣ ಪೆಟ್ಟಿಗೆ. ಅವಳಿಗೆ ಓದು ಬರಹ ಇಲ್ಲ, ಪೆಟ್ಟಿಗೆ ಮೇಲೆ ಪೂರಾ ನಂಬಿಕೆಯೂ ಇಲ್ಲ. ಪೆಟ್ಟಿಗೆ ಕೂಗಿದಾಗಲೆಲ್ಲ ಪಕ್ಕದ ನಿಂಬೆಹಣ್ಣಿನ ಹುಡುಗನ ಮುಖ ನೋಡುತ್ತಾಳೆ. ಅವನು ತಲೆ ಆಡಿಸಿದ ಮೇಲೆಯೇ ಹಣ್ಣು ಚೀಲಕ್ಕೆ ಬೀಳುವುದು. ದೆಹಲಿಯಲ್ಲಿ ಕೂತು ಡಿಜಿಟಲ್ ಪಾವತಿಯ ಕತೆ ಹೇಳುವವರು ಆ ಹುಡುಗನ ತಲೆಯಾಟವನ್ನೂ ಒಮ್ಮೆ ನೋಡಿ ಹೋಗಬೇಕು.

ಅಲ್ಲೇ ಹತ್ತಿರದ ಗೋಡೆಯೊಂದರ ಮೇಲೆ ‘ವ್ಯಕ್ತಿತ್ವ ವಿಕಸನ’ ಎಂದು ಪೋಸ್ಟರ್ ಅಂಟಿಸಿದ್ದರು, ಕೋಟು ಹಾಕಿದ ಮನುಷ್ಯ ಬೆರಳು ತೋರಿಸುತ್ತಿರುವ ಚಿತ್ರ. ವೈನಿ ನಿಂತು ಓದಿದರು.

“ಇದರಾಗ ಏನ್ ಕಲಸ್ತಾರ?”

“ಧೈರ್ಯ ಕಲಸ್ತಾರಂತ ವೈನಿ. ನಾಕು ಮಂದಿ ಮುಂದ ಹ್ಯಾಂಗ ಮಾತಾಡಬೇಕು, ನಮ್ಮನ್ನ ನಾವು ಹ್ಯಾಂಗ ಬದಲಿ ಮಾಡ್ಕೋಬೇಕು ಅಂತ.”

“ಫೀಜೆಷ್ಟು?”

ಹೇಳಿದೆ. ವೈನಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. “ಅಷ್ಟು ರೊಕ್ಕ ಕೊಡೂಕಿಂತ ಆಪಾನ ಸಂಗಟ ಬಸ್ ಹತ್ತಿದ್ರಾಯ್ತು.”

ನಾನು ಮುಖ್ಯವಾಗಿ ಹೇಳಹೊರಟಿದ್ದು ರೊಟ್ಟಿಯ ವಿಷಯ. ನಡುವೆ ಬಸ್ಸು ಬಂದುಬಿಟ್ಟಿತು.

ವೈನಿ ಬಡಿದ ಜೋಳದ ರೊಟ್ಟಿ ಓಣಿಯಲ್ಲೇ ಹೆಸರುವಾಸಿ. ಕುದಿಯುವ ನೀರು ಹಾಕಿ, ಬಿಸಿ ಇದ್ದಾಗಲೇ ಅಂಗೈಯಿಂದ ನಾದಬೇಕು. ಕೈ ಸುಡುತ್ತದೆ ಎಂದು ತಡ ಮಾಡಿದರೆ ಅಂಚು ಒಡೆಯಿತೆಂದೇ ಲೆಕ್ಕ. ಹಿಟ್ಟು ಉದುರಿಸಿದ ಪರಾತದಲ್ಲಿ ಮುದ್ದೆ ಇಟ್ಟು ಎರಡೂ ಕೈ ಬಡಿತ ಶುರುವಾದರೆ ರೊಟ್ಟಿ ತಾನೇ ಸುತ್ತು ತಿರುಗುತ್ತದೆ, ತಿರುಗಿದಷ್ಟೂ ಅಗಲವಾಗುತ್ತದೆ. ಹಂಚಿನ ಮೇಲೆ ಹಾಕಿದ ಕೂಡಲೇ ನೀರಿನ ಅರಿವೆ ಮೇಲೆ ಸವರಬೇಕು, ನೀರು ಆರುವ ಮುಂಚೆ ಮಗುಚಬೇಕು. ಆಮೇಲೆ ಕೆಂಡಕ್ಕೆ ತೋರಿಸಿದರೆ ಉಬ್ಬುತ್ತದೆ. ಅದನ್ನೇ ಇನ್ನೂ ಒಣಗಿಸಿದರೆ ಖಡಕ್, ತಿಂಗಳು ಇಟ್ಟರೂ ಕೆಡದು. ಇದೆಲ್ಲ ವೈನಿಗೆ ಹತ್ತು ವರ್ಷವಿದ್ದಾಗಲೇ ಬಂತು. ಅದು ಒಂದು ವಿದ್ಯೆ ಎಂದು ಅರವತ್ತರವರೆಗೆ ಅವರಿಗೆ ಯಾರೂ ಹೇಳಿರಲಿಲ್ಲ.

ಓಣಿಯ ಹೆಣ್ಣುಮಕ್ಕಳ ಸಂಘದವರು ‘ರೊಟ್ಟಿ ಮಾಡಿ ಮಾರೋಣ, ನೀವು ಬರ್ರಿ’ ಎಂದು ಕರೆದಾಗ ವೈನಿ ಕೆಂಡಾಮಂಡಲ. “ರೊಟ್ಟಿ ಮಾರೂದಾ? ಬಂದವರಿಗೆ ಬಡಿಸೂದು ಕೇಳೀನಿ, ತೂಗಿ ಮಾರೂದು ನಮ್ಮ ಮನಿತನದಾಗ ಯಾರೂ ಮಾಡಿಲ್ಲ.” ಅವರು ಹೇಳಿದ್ದರಲ್ಲಿ ಹುರುಳಿತ್ತು. ಶರಣಬಸವೇಶ್ವರರ ಊರು ಇದು, ಇಲ್ಲಿ ದಾಸೋಹ ಅಂದರೆ ಉಸಿರು. ಆದರೆ ಇದೇ ನಾಡಿನಲ್ಲಿ ಗಂಡ ತೀರಿಕೊಂಡ ಎಷ್ಟೋ ಹೆಂಗಸರು ಖಾನಾವಳಿ ನಡೆಸಿ, ರೊಟ್ಟಿ ಬಡಿದು ಮಕ್ಕಳನ್ನು ಓದಿಸಿದ್ದಾರೆ. ಅವರ ಕೈಯೂಟ ಉಂಡವರು ದೊಡ್ಡ ದೊಡ್ಡ ಹುದ್ದೆಗೆ ಹೋದರು. ಉಣ್ಣಿಸಿದವರನ್ನು ಮಾತ್ರ ‘ಖಾನಾವಳಿ ಆಕಿ’ ಎಂದೇ ಕರೆದೆವು. ಇದನ್ನು ನಾನು ಗೋಡೆ ಮೇಲಿಂದ ಹೇಳಿದಾಗ ವೈನಿ ಮಾತಾಡಲಿಲ್ಲ. ಬಟ್ಟಲು ತಗೊಂಡು ಒಳಗೆ ಹೋದರು. ಎರಡು ದಿನ ಪಲ್ಯ ಬರಲಿಲ್ಲ.

ಮೂರನೆಯ ದಿನ ಬಂದರು. “ಸುಮ್ಮ ನೋಡ್ಲಿಕ್ಕ ಹೋಗಿ ಬರ್ತೀನಿ.”

ಹೋದವರು ಅಲ್ಲಿ ಒಬ್ಬ ಹುಡುಗಿ ತಣ್ಣೀರಲ್ಲಿ ಹಿಟ್ಟು ಕಲಸುತ್ತಿದ್ದುದನ್ನು ಕಂಡರಂತೆ. ಅಷ್ಟೇ, ತಡೆಯಲಾಗಲಿಲ್ಲ, ಸೆರಗು ಸಿಗಿಸಿ ಕೂತೇಬಿಟ್ಟರು. ಈಗ ಹೊಸಬರಿಗೆಲ್ಲ ಅವರೇ ಕಲಿಸುವವರು. ಜಿಲ್ಲಾಡಳಿತ ಇಂಥ ಸಂಘಗಳನ್ನು ಕೂಡಿಸಿ ‘ಕಲಬುರಗಿ ರೊಟ್ಟಿ’ ಎಂದು ಬ್ರ್ಯಾಂಡ್ ಮಾಡಿತು. 2025ರ ಜೂನ್‌ನಲ್ಲಿ ಪ್ರಧಾನಿಯ ‘ಮನ್ ಕೀ ಬಾತ್’ನಲ್ಲೂ ಅದರ ಮಾತು ಬಂತು, ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ, ಬೆಂಗಳೂರಿನಲ್ಲಿ ಕೌಂಟರು ಅಂತೆಲ್ಲ. ಅವತ್ತು ವೈನಿ ಓಣಿತುಂಬ ಸಿಹಿ ಮಾಲದಿ ಹಂಚಿದರು. ಅವರ ಸಂಘದ ರೊಟ್ಟಿ ಆ ಬ್ರ್ಯಾಂಡಿಗೆ ಹೋಗುವುದಿಲ್ಲ, ಅದು ಬೇರೆಯದೇ ಸಣ್ಣ ಸಂಘ. ಅದನ್ನು ನೆನಪಿಸಲು ಹೋದೆ. “ಯಾರ ಕೈಯಾದ್ರೇನ, ರೊಟ್ಟಿ ನಮ್ಮದೇ ಹೌದಲ್ಲ?” ಎಂದು ನನ್ನ ಬಾಯಿಗೂ ಮಾಲದಿ ತುರುಕಿದರು.

ಮಷೀನಿನ ಬಗ್ಗೆ ಮಾತ್ರ ನಮ್ಮಿಬ್ಬರ ಜಗಳ ಇನ್ನೂ ಹರಿದಿಲ್ಲ. ಮಷೀನ್ ರೊಟ್ಟಿಗೆ ರುಚಿಯಿಲ್ಲ ಎನ್ನುವುದು ನನ್ನ ವಾದ. ಮಷೀನ್ ಬಂದರೆ ರಟ್ಟೆ ಉಳಿಯುತ್ತದೆ ಎನ್ನುವುದು ವೈನಿಯದು. “ನೀ ತಿನ್ನಾಕಿ, ನಿನಗ ರುಚಿ ಚಿಂತಿ. ನಾ ಬಡಿಯಾಕಿ, ನನಗ ಮೊಣಕೈ ಚಿಂತಿ.” ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಬದಲಾವಣೆ ಈ ಮನೆಗೆ ಇದೇ ಮೊದಲೇನಲ್ಲ. ವೈನಿಯ ಮಾವ ನಿಜಾಮನ ಕಾಲದಲ್ಲಿ ತಹಸೀಲ್ ಕಚೇರಿಯ ಗುಮಾಸ್ತರಾಗಿದ್ದವರು. ಮನೆಮಾತು ಕನ್ನಡ, ಕಾಗದಪತ್ರ ಎಲ್ಲ ಉರ್ದು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮನ ಆಳ್ವಿಕೆ ಮುಗಿಯಿತು. ರಜಾಕಾರರ ಕಾಲವನ್ನೂ ಅದರ ಬೆನ್ನಿಗೆ ಬಂದುದನ್ನೂ ಈ ಓಣಿಯ ಹಿರಿಯರು, ಆಪಾನ ಮನೆಯವರೂ ಸೇರಿ, ಎರಡೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದರು. ಮಾವ ಉತ್ಸಾಹದಿಂದ ಹೇಳುತ್ತಿದ್ದುದು ರೊಕ್ಕ ಬದಲಾದ ಕತೆ. ಏಳು ಹಾಲಿ ಸಿಕ್ಕಾಕ್ಕೆ ಆರು ಕಲ್ದಾರ, ಅಂದರೆ ಹೈದರಾಬಾದಿನ ಏಳು ರೂಪಾಯಿ ಕೊಟ್ಟರೆ ಇಂಡಿಯಾದ ಆರು. ‘ರಾತ್ರಿ ಮಲಗಿ ಎದ್ರ ಕಿಸೆದಾಗಿನ ರೂಪಾಯಿ ಸಣ್ಣದಾಗಿತ್ತು’ ಎನ್ನುತ್ತಿದ್ದರಂತೆ.

1956ರ ನವೆಂಬರ್ 1ಕ್ಕೆ ಗುಲ್ಬರ್ಗ ಮೈಸೂರು ರಾಜ್ಯಕ್ಕೆ ಸೇರಿದಾಗ ಮಾವನಿಗೆ ನಲವತ್ತರ ಹತ್ತಿರ. ಮಾತಾಡುವ ಕನ್ನಡ ಬರುತ್ತದೆ, ಅಕ್ಷರ ಬರುವುದಿಲ್ಲ. ಕಚೇರಿಯ ಇನ್ನೂ ನಾಲ್ಕೈದು ಮಂದಿಯದು ಅದೇ ಗತಿ. ಸಂಜೆ ಎಲ್ಲರೂ ಇದೇ ಮನೆಯ ಅಂಗಳದಲ್ಲಿ ಕೂತು, ಶಾಲೆಗೆ ಹೋಗುತ್ತಿದ್ದ ಮಗಳ ಪಾಟಿ ಇಸಕೊಂಡು ಅ ಆ ತಿದ್ದಿದರು. ಏಳು ವರ್ಷದ ಹುಡುಗಿ ಗುರು, ಮೀಸೆ ನರೆತವರು ಶಿಷ್ಯರು. ನಾಚಿಕೆ ಆಗಲಿಲ್ಲವೇ ಎಂದು ವೈನಿ ಮದುವೆಯಾಗಿ ಬಂದ ಹೊಸದರಲ್ಲಿ ಕೇಳಿದ್ದರಂತೆ. “ಎಲ್ಲಾರೂ ಕೂಡೇ ದಡ್ಡರಾದ ಮ್ಯಾಲ ನಾಚಿಕಿ ಯಾರ ಮುಂದವ್ವ?” ಅಂದರಂತೆ ಮಾವ.

ಆ ಮಾವನ ಮರಿಮಗಳು, ವೈನಿಯ ಮೊಮ್ಮಗಳು, ಈಗ ಡಾಕ್ಟರಿಕೆ ಓದುತ್ತಿದ್ದಾಳೆ, ಕಲ್ಯಾಣ ಕರ್ನಾಟಕದವರಿಗೆ ಮೀಸಲಾದ 371(ಜೆ) ಸೀಟು. ಆ ಸರ್ಟಿಫಿಕೇಟಿಗೆ ಕಚೇರಿ ಅಲೆಯುವಾಗಲೂ ಅಜ್ಜಿಯದೇ ಮುಂದಾಳತ್ವ, ಜೊತೆಗೆ ಕಾಕು, ಆಪಾ, ಟೀಚರ್. ಗುಮಾಸ್ತ ಈ ದಂಡು ನೋಡಿಯೇ ಕುರ್ಚಿ ಹಾಕಿಸಿದನಂತೆ.

ವೈನಿ ಸೂಪರ್ ಮಾರ್ಕೆಟ್‌ಗೆ ಕರೆದ ಮಾರನೆಯ ದಿನ ಹತ್ತಕ್ಕೆ ನಾನು ಚೀಲ ಹಿಡಿದು ಗೋಡೆ ಹತ್ತಿರ ಹೋದಾಗ ಓಣಿಯೆಲ್ಲ ವೈನಿಯ ಗೇಟಿನಲ್ಲಿ ಜಮಾಯಿಸಿತ್ತು. ಒಳಗಿನಿಂದ ಅಣ್ಣಾವರ ದನಿ: “ನನ್ನ ಊಟದ ಗತಿ?”

“ಡಬ್ಬ್ಯಾಗ ರೊಟ್ಟಿ ಅವ, ಗಡಿಗ್ಯಾಗ ಮೊಸರು ಅದ.”

“ಪಲ್ಯ?”

“ಪಲ್ಯ ಸೂಪರ್ ಮಾರ್ಕೆಟ್ದಾಗ ಅದ, ತರ್ಲಿಕ್ಕೇ ಹೊಂಟೀವಿ.”

ಒಂದು ಗಳಿಗೆ ಸದ್ದಿಲ್ಲ. ಆಮೇಲೆ ಅಣ್ಣಾವರು ಚಪ್ಪಲಿ ಮೆಟ್ಟಿಕೊಳ್ಳುತ್ತ ಬಾಗಿಲಿಗೆ ಬಂದರು. “ನಾನೂ ಬರ್ತೀನಿ ನಡೀರಿ. ಮನ್ಯಾಗ ಒಬ್ಬನೇ ಕುಂತು ಏನ್ ಮಾಡ್ಲಿ?”

“ಬರ್ರಿ, ಯಾರ್ ಬ್ಯಾಡಂದ್ರು” ಅಂದರು ವೈನಿ, ಗೇಟಿನ ಚಿಲಕ ತೆಗೆಯುತ್ತ. “ಚಿಲ್ಲರ ಇಟ್ಕೊರಿ. ನಿಮಗ ಟಿಕೇಟ್ ಹತ್ತತದ.”