ಬಸ್ ತಪ್ತೇನ್ರಿ?

ಡಾಕ್ಟರು ಹೇಳಿದ್ದು ‘ದಿನಾ ಅರ್ಧ ಗಂಟೆ ನಡೀರಿ’ ಅಂತ ಮಾತ್ರ. ಅದನ್ನು ‘ಓಡ್ರಿ’ ಎಂದು ಕೇಳಿಸಿಕೊಂಡ ಕಿವಿ ನನ್ನದು. ಓಡುವುದೇ ಆದರೆ ಮನೆ ಎದುರಿನ ಪಾರ್ಕು ಸಾಕಿತ್ತು. ಆದರೆ ಅಲ್ಲಿ ಪರಿಚಯದವರಿರುತ್ತಾರೆ. ನಾನು ನಿಂತ ಮೇಲೂ ನನ್ನ ಹೊಟ್ಟೆ ಇನ್ನೆರಡು ಹೆಜ್ಜೆ ಓಡಿರುತ್ತದೆ ಎಂಬ ಸಂಗತಿ ಬಡಾವಣೆಗೆಲ್ಲ ಗೊತ್ತಾಗುವುದು ನನಗೆ ಬೇಡವಾಗಿತ್ತು. ಹಾಗಾಗಿ ನನ್ನನ್ನು ಯಾರೂ ಗುರುತಿಸದ ಜಾಗ ಹುಡುಕಿದೆ. ಇತಿಹಾಸವೂ ಇದ್ದರೆ ಓಡುವ ಸಂಕಟ ಅದರಲ್ಲಿ ಮರೆತುಹೋದೀತು ಎಂಬ ದುರಾಸೆ ಬೇರೆ. ಸಿಕ್ಕಿದ್ದು ಮಲಪ್ರಭೆಯ ಕಣಿವೆ: ಬಾದಾಮಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ. ಬಾದಾಮಿಯಿಂದ ಐಹೊಳೆಗೆ ಸುಮಾರು 35 ಕಿಲೋಮೀಟರು. ಮೊಬೈಲಿನ ನಕ್ಷೆಯಲ್ಲಿ ಅದು ನನ್ನ ಹೆಬ್ಬೆರಳಿಗಿಂತ ಚಿಕ್ಕದಾಗಿ ಕಂಡಿತು. ಚಾಲುಕ್ಯರು ಇನ್ನೂರು ವರ್ಷ ಆಳಿದ ನೆಲವನ್ನು ನಾಲ್ಕು ಬೆಳಗಿನಲ್ಲಿ ಓಡಿ ಮುಗಿಸುತ್ತೇನೆಂದು ಶೂ ಅಂಗಡಿಯವನಿಗೂ ಹೇಳಿದೆ. ಅವನು ಗಂಭೀರವಾಗಿಯೇ ಬಿಲ್ಲು ಕೊಟ್ಟ.

ಮೊದಲ ತಪ್ಪು ಹಿಂದಿನ ರಾತ್ರಿಯೇ ಆಯಿತು. ಬಾದಾಮಿಯಲ್ಲಿ ಇಳಿದವನು ಗಿರ್ಮಿಟ್ ಜೊತೆಗೆ ಎಷ್ಟು ಮಿರ್ಚಿ ತಿಂದೆ ಎಂಬ ಲೆಕ್ಕ ಬೇಡ. ಏಳರವರೆಗೆ ಎಣಿಸಿದ್ದು ನೆನಪಿದೆ. ಈ ಊರಿನದೇ ಪುರಾಣಕಥೆಯಲ್ಲಿ ಇಲ್ವಲನೆಂಬ ರಾಕ್ಷಸ ತನ್ನ ತಮ್ಮ ವಾತಾಪಿಯನ್ನೇ ಟಗರು ಮಾಡಿ ಅತಿಥಿಗಳಿಗೆ ಬಡಿಸಿ, ಆಮೇಲೆ ‘ವಾತಾಪಿ, ಬಾ’ ಎಂದು ಕೂಗುತ್ತಿದ್ದ; ಅವನು ಹೊಟ್ಟೆ ಸೀಳಿಕೊಂಡು ಬರುತ್ತಿದ್ದ. ಅಗಸ್ತ್ಯರೊಬ್ಬರೇ ಅವನನ್ನು ಅರಗಿಸಿಕೊಂಡವರು. ಬೆಳಗ್ಗೆ ಅದೇ ಅಗಸ್ತ್ಯರ ಹೆಸರಿನ ಕೆರೆಯ ದಂಡೆಯಲ್ಲಿ, ಮೇಣಬಸದಿಯ ಗುಡ್ಡ ಕೆಂಪೇರುತ್ತಿದ್ದಾಗ, ನಾನು ಭೂತನಾಥನ ಗುಡಿಯ ಕಡೆ ಓಡತೊಡಗಿದೆ. ನೂರು ಹೆಜ್ಜೆಗೆ ಒಳಗಿದ್ದ ಏಳೂ ವಾತಾಪಿಗಳು ಅಣ್ಣನ ಕೂಗು ಕೇಳಿಸಿದಂತೆ ಎದ್ದು ಕೂತವು. ಹೊಟ್ಟೆ ಸವರಿಕೊಂಡು ‘ಜೀರ್ಣವಾಗಪ್ಪಾ’ ಎಂದೆ. ಋಷಿಯ ಕೈಗೂ ಗುಮಾಸ್ತನ ಕೈಗೂ ವ್ಯತ್ಯಾಸವಿದೆ.

ಸುಧಾರಿಸಿಕೊಳ್ಳಲು ಕೂತಾಗ ಒಂದು ಮಂಗ ಬಂದು ನನ್ನ ಶಕ್ತಿವರ್ಧಕ ಪಾನೀಯದ ಬಾಟಲಿಗೆ ಕೈ ಚಾಚಿತು. ಅಲ್ಲೇ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಸಾಧುವಿಗೆ ಸಾಧುವಾಗಿದ್ದವನು, ತಂಟೆಗೆ ಬಂದವರನ್ನು ಬಿಡದವನು ಎಂದು ತ್ರಿಪದಿಯಲ್ಲಿ ಹೊಗಳಿಸಿಕೊಂಡ ವೀರ ಅವನು. ನಾನು ಮೊದಲರ್ಧವನ್ನಷ್ಟೇ ಆಚರಿಸಿ ಬಾಟಲಿ ಕೊಟ್ಟೆ. ಅದು ಮುಚ್ಚಳ ತಿರುಗಿಸಿ, ಒಂದು ಗುಟುಕು ಕುಡಿದು, ಮುಖ ಸಿಂಡರಿಸಿ, ಬಾಟಲಿಯನ್ನು ನನಗೇ ವಾಪಸು ಕೊಟ್ಟಿತು. ನಾಲ್ಕು ತಿಂಗಳಿಂದ ನಾನು ಅದನ್ನು ರುಚಿಯಾಗಿದೆ ಎಂದುಕೊಂಡೇ ಕುಡಿಯುತ್ತಿದ್ದೆ.

ಕೆರೆ ಸಾಕೆಂದು ಬನಶಂಕರಿ ರಸ್ತೆಗೆ ಬಿದ್ದೆ. ಹಿಂದಿನಿಂದ ಬಂದ ಬಸ್ಸೊಂದು ಕೀಚಲು ಬ್ರೇಕು ಹಾಕಿ ನಿಂತಿತು. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು, “ಯಾಕ್ರೀ ಸರ, ಬಸ್ ತಪ್ತೇನ್ರಿ? ಹತ್ರಿ, ಹತ್ರಿ, ಲಗೂ!” ಎಂದರು. ಒಳಗಿದ್ದವರೆಲ್ಲ ನನಗಾಗಿ ಸರಿದು ಕೂತರು. ಒಬ್ಬ ಅಜ್ಜಿ ಮಡಿಲಲ್ಲಿದ್ದ ಗಂಟನ್ನೂ ಕೆಳಗಿಟ್ಟು ಜಾಗ ಮಾಡಿದಳು. ಇಷ್ಟು ಪ್ರೀತಿಗೆ ನಾನು ಏದುಸಿರಿನಲ್ಲಿ, “ಇಲ್ಲ... ಆರೋಗ್ಯಕ್ಕೆ... ಸುಮ್ಮನೆ ಓಡ್ತಿದ್ದೀನಿ” ಎಂದೆ. ಕಂಡಕ್ಟರಿಗೆ ಮರುಕವಾಯಿತು. “ಹಂಗಾದ್ರ ಇನ್ನ ನಿಮಗ ತ್ರಾಸ ಕೊಡೂದಿಲ್ರಿ. ಎಲ್ಲಾರಿಗೂ ಹೇಳಿರ್ತೀನಿ” ಎಂದು ಭರವಸೆ ಕೊಟ್ಟು ಬೆಲ್ಲು ಹೊಡೆದರು. ಆ ದಿನ ಎರಡು ಬೈಕು, ಒಂದು ಟಂಟಂ, ಹುಲ್ಲು ಹೇರಿದ ಒಂದು ಚಕ್ಕಡಿಗೂ ಇದೇ ಪ್ರವಚನ ಕೊಟ್ಟೆ. ಈ ಕಣಿವೆಯಲ್ಲಿ ಓಡುವವನನ್ನು ಒಂಟಿಯಾಗಿ ಬಿಡುವವರೇ ಇಲ್ಲ. ಸಂಜೆಯ ಹೊತ್ತಿಗೆ ಚಹಾದಂಗಡಿಯಲ್ಲಿ ನಾನು ‘ಸುಮ್ಮನ ಓಡೂ ಸರ’ ಆಗಿದ್ದೆ.

ಮರುದಿನ ಗುಡ್ಡದ ಮೇಲಿನ ಕಾಲುದಾರಿಯಲ್ಲಿ ಮಹಾಕೂಟಕ್ಕೆ ಹೊರಟೆ. ದಾರಿ ಕವಲೊಡೆದಲ್ಲಿ ಒಂದು ಆಡು ಬಹಳ ಆತ್ಮವಿಶ್ವಾಸದಿಂದ ಎಡಕ್ಕೆ ಹೋಯಿತು, ನಾನೂ ಹೋದೆ. ಮುಕ್ಕಾಲು ಗಂಟೆಯ ನಂತರ ಅದು ಒಂದು ಜಾಲಿಗಿಡದ ಮುಂದೆ ನಿಂತು ಮೇಯತೊಡಗಿದಾಗಲೇ ಅದಕ್ಕೆ ದೇವರ ಹಂಬಲವಿಲ್ಲವೆಂದು ತಿಳಿದದ್ದು. ತಲೆಯ ಮೇಲೆ ಬುತ್ತಿ ಹೊತ್ತು, ಹರಟುತ್ತ, ಬರಿಗಾಲಲ್ಲಿ ಗುಡ್ಡ ಹತ್ತಿ ಬಂದ ನಾಲ್ವರು ತಾಯಂದಿರು ನನ್ನನ್ನು ಹಿಂದಿಕ್ಕಿದರು. ಹಿಂದಿಕ್ಕಿದವರು ತಿರುಗಿ ನೋಡಿ, ನನ್ನ ಉಸಿರಿನ ಸದ್ದು ಕೇಳಿ, ವಾಪಸು ಬಂದು, ಕೂರಿಸಿ, ಕಟಕರೊಟ್ಟಿ, ಶೇಂಗಾ ಚಟ್ನಿ ಕೊಟ್ಟು ದಾರಿಗೆ ಹಚ್ಚಿದರು. ಮಹಾಕೂಟದ ಪುಷ್ಕರಣಿಯ ತಣ್ಣನೆಯ ಬುಗ್ಗೆನೀರಿಗೆ ಕಾಲಿಳಿಸಿದವನು ಮಧ್ಯಾಹ್ನದವರೆಗೆ ಎತ್ತಲಿಲ್ಲ. ಅಲ್ಲಿದ್ದ ಮಂಗಲೇಶನ ಕಾಲದ ಶಾಸನಸ್ತಂಭ ಈಗ ವಿಜಯಪುರದ ಗೋಲಗುಮ್ಮಟದ ಮ್ಯೂಸಿಯಮ್ಮಿನಲ್ಲಿದೆ. ಅದನ್ನು ಹೊತ್ತೊಯ್ದವರು ಯಾರಾದರೂ ಮತ್ತೆ ಬಂದಾರೆಯೇ ಎಂದು ಆಸೆಯಿಂದ ದಾರಿ ನೋಡಿದೆ.

ಮೂರನೆಯ ಬೆಳಗ್ಗೆ ಗುಡ್ಡದ ಸಹವಾಸ ಬೇಡವೆಂದು ಶಿವಯೋಗಮಂದಿರದಿಂದ ಹೊಳೆದಂಡೆ ಹಿಡಿದು ಪಟ್ಟದಕಲ್ಲಿಗೆ ಓಡುವುದೆಂದಾಯಿತು. ಇದರಲ್ಲಿ ದಾರಿ ತಪ್ಪಲು ಸಾಧ್ಯವೇ ಇಲ್ಲ ಎನ್ನುವುದು ನನ್ನ ಲೆಕ್ಕ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ, ಅಂದರೆ ಪೂರ್ವಕ್ಕೆ ಹರಿಯಬೇಕು, ಅಂದರೆ ಸೂರ್ಯ ನನ್ನ ಮೂಗಿನ ನೇರಕ್ಕಿರಬೇಕು. ಓಡುತ್ತ ಓಡುತ್ತ ಸೂರ್ಯ ಬಲಗೆನ್ನೆಗೆ ಬಂದ. ಹೈಸ್ಕೂಲಿನಲ್ಲಿ ಭೂಗೋಳಕ್ಕೆ ಎಂಬತ್ತೆರಡು ಅಂಕ ಪಡೆದವನು ನಾನು. ಹೊಳೆಯೇ ತಪ್ಪಿರಬೇಕೆಂದು ತೀರ್ಮಾನಿಸಿ ಹಿಂದಕ್ಕೆ ತಿರುಗಿ ಓಡಿದೆ. ಎದುರು ಬಂದ ರೈತರೊಬ್ಬರು ತಡೆದು, “ಇಲ್ಲಿ ಹೊಳಿ ಉತ್ತರಕ್ಕ ಹರೀತೈತ್ರಿ. ಅದಕ್ಕ ರಾಜರು ಇಲ್ಲೇ ಪಟ್ಟ ಕಟ್ಟಿಸಿಕೊಳ್ತಿದ್ರು” ಎಂದರು. ಉತ್ತರವಾಹಿನಿ! ಪುಸ್ತಕದಲ್ಲಿ ನಾನೇ ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟ ವಾಕ್ಯ ಅದು.

ನಷ್ಟವಾದ ಹೊತ್ತು ತುಂಬಿಕೊಳ್ಳಲು ಹೊಲಕ್ಕೆ ಅಡ್ಡ ಹಾಯ್ದೆ. ರಾತ್ರಿ ಮಳೆಯಾಗಿತ್ತು. ಹೊಲ ಎರೆಹೊಲ. ಮುಂದಿನದನ್ನು ಆ ಕಡೆಯವರಿಗೆ ಹೇಳಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಒಣಗಿದಾಗ ಕಾಲು ಹೂತುಹೋಗುವಷ್ಟು ಬಿರುಕು ಬಿಡುವ ಈ ಕರಿಮಣ್ಣು, ನೆನೆದರೆ ಅಂಟಿನ ಉಂಡೆ. ಮೊದಲ ಹೆಜ್ಜೆಗೆ ಶೂ ಅರ್ಧ ಕಿಲೋ ತೂಕ ಹೆಚ್ಚಿಸಿಕೊಂಡಿತು. ಐದನೆಯದಕ್ಕೆ ನಾನು ನಾಲ್ಕು ಬೆರಳು ಎತ್ತರವಾದೆ. ಹತ್ತನೆಯದಕ್ಕೆ ನನ್ನ ಕಾಲುಗಳು ದಸರಾ ಆನೆಯವು. ಜೋಳದ ಪೈರು, ಒಣಕಡ್ಡಿ, ಒಂದು ಪ್ಲಾಸ್ಟಿಕ್ ಚೀಲ, ಎಲ್ಲವೂ ನನ್ನನ್ನು ಅಂಟಿಕೊಂಡು ಪಟ್ಟದಕಲ್ಲು ನೋಡಲು ಹೊರಟವು. ಕೈಗಡಿಯಾರ ಮಾತ್ರ ‘ನೀವು ನಿಂತಿದ್ದೀರಿ, ಓಟ ಮುಗಿಸಲೇ?’ ಎಂದು ಕೇಳಿತು. ಸ್ವಾಭಿಮಾನ ಕೆರಳಿ ಬಲಗಾಲನ್ನು ಜೋರಾಗಿ ಕಿತ್ತೆ. ಕಾಲು ಬಂತು. ಶೂ ಬರಲಿಲ್ಲ. ಬಗ್ಗಿ ಮೊಣಕೈವರೆಗೆ ತಡಕಾಡಿದೆ; ಸಿಕ್ಕಿದ್ದು ಒಂದು ಈರುಳ್ಳಿ. ಸಾವಿರ ವರ್ಷದ ನಂತರ ಉತ್ಖನನ ಮಾಡುವವರು ಇಲ್ಲಿ ಒಂಟಿಕಾಲಿನ ಜನಾಂಗವಿತ್ತೆಂದು ಬರೆದರೆ ತಪ್ಪು ನನ್ನದು.

ಒಂದೇ ಶೂನಲ್ಲಿ ವಿರೂಪಾಕ್ಷ ದೇವಾಲಯದ ಮುಂದೆ ನಿಂತೆ. ಗಂಡ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ಲೋಕಮಹಾದೇವಿ ಕಟ್ಟಿಸಿದ ಗುಡಿ ಅದು. ಭಾವುಕನಾಗಿ ಹೆಂಡತಿಗೆ ಫೋನ್ ಮಾಡಿ, “ನಾನೂ ಪಟ್ಟದಕಲ್ಲು ತಲುಪಿದೆ” ಎಂದು ಫೋಟೋ ಕಳಿಸಿದೆ. “ಇನ್ನೊಂದು ಶೂ ಎಲ್ಲಿ?” ಎಂಬುದಷ್ಟೇ ಉತ್ತರ. ಗುಡಿ ಕಟ್ಟಿಸುವ ಪ್ರಸ್ತಾಪ ಬರಲಿಲ್ಲ.

ಕೊನೆಯ ದಿನ ಹೊಸ ಹವಾಯಿ ಚಪ್ಪಲಿಯಲ್ಲಿ ಐಹೊಳೆ. ಚಪ್ಪಲಿಯ ಉಂಗುಟ ಮೂರನೆಯ ಕಿಲೋಮೀಟರಿಗೇ ಕಿತ್ತಿತು. ಅದಕ್ಕೊಂದು ಪಿನ್ನು ಚುಚ್ಚಿ ಕುಂಟುತ್ತ ಓಡಿದೆ. ದುರ್ಗ ದೇವಾಲಯದ ಹುಲ್ಲುಹಾಸಿನ ಮೇಲೆ ಒಂದು ಶಾಲೆಯ ಮಕ್ಕಳು ಸಾಲಾಗಿ ನಿಂತಿದ್ದರು. ಮೇಷ್ಟರು ಹಿಂಭಾಗದ ದುಂಡನೆಯ ಗೋಡೆ ತೋರಿಸಿ, “ನೋಡ್ರಿ, ಇದಕ್ಕ ಗಜಪೃಷ್ಠ ಅಂತಾರ. ಗಜ ಅಂದ್ರ ಆನಿ, ಪೃಷ್ಠ ಅಂದ್ರ...” ಎನ್ನುತ್ತಿದ್ದರು. ಓಟದ ನಂತರ ಸ್ನಾಯು ಹಿಗ್ಗಿಸಬೇಕೆಂದು ಎಲ್ಲೋ ಓದಿದ್ದ ನಾನು, ಮಕ್ಕಳಿಗೆ ಬೆನ್ನು ಮಾಡಿ, ಕಾಲ್ಬೆರಳು ಮುಟ್ಟಲು ಬಗ್ಗಿದೆ. ಪರ್ರ್ ಎಂದಿತು. ಒಂದು ಕ್ಷಣ ಐಹೊಳೆಯ ನೂರಕ್ಕೂ ಮಿಕ್ಕಿದ ಗುಡಿಗಳೆಲ್ಲ ಮೌನವಾದವು. ಮೇಷ್ಟರು ಬಹಳ ಸಭ್ಯರು. ವಾಕ್ಯವನ್ನು ಪೂರ್ತಿ ಮಾಡಲಿಲ್ಲ. ಮಾಡುವ ಅಗತ್ಯವೂ ಇರಲಿಲ್ಲ, ಎಲ್ಲರಿಗೂ ಅರ್ಥವಾಗಿತ್ತು.

ಟವೆಲ್ಲನ್ನು ಸೊಂಟಕ್ಕೆ ಸುತ್ತಿ ಹೊಳೆಯ ಕಡೆ ಓಡಿದೆ. ಆ ನಾಲ್ಕು ದಿನದಲ್ಲಿ ಓಟವೆನ್ನಬಹುದಾದದ್ದು ಅದೊಂದೇ. ಪರಶುರಾಮ ಕೊಡಲಿ ತೊಳೆದಾಗ ಕೆಂಪಾದ ನೀರು ಕಂಡು ಹೆಣ್ಣೊಬ್ಬಳು ‘ಅಯ್ಯೋ ಹೊಳೆ’ ಎಂದು ಚೀರಿದ್ದರಿಂದ ಊರಿಗೆ ಈ ಹೆಸರು ಬಂತೆಂದು ಐತಿಹ್ಯ. ಪಾಚಿಗಟ್ಟಿದ ಕಲ್ಲಿನ ಮೇಲೆ ಪಿನ್ನಿನ ಚಪ್ಪಲಿ ಜಾರಿದಾಗ ನಾನೂ ಅದೇ ಎರಡು ಪದಗಳನ್ನು, ಅದೇ ಕ್ರಮದಲ್ಲಿ ಚೀರಿದೆ. ನಡುವೆ ವಿರಾಮ ಮಾತ್ರ ಸ್ವಲ್ಪ ಉದ್ದವಾಯಿತು. ‘ಅಯ್ಯೋ’ ದಂಡೆಯ ಮೇಲೆ, ‘ಹೊಳೆ’ ನೀರೊಳಗೆ.

ನೀರು ಸುರಿಸುತ್ತ, ಟವೆಲ್ ಹಿಡಿದುಕೊಂಡು, ಬರಿಗಾಲಲ್ಲಿ ರಸ್ತೆಗೆ ಬಂದಾಗ ಬಾದಾಮಿಯ ಬಸ್ಸು ಹೊರಡುತ್ತಿತ್ತು. ಎರಡೂ ಕೈ ಎತ್ತಿದರೆ ಟವೆಲ್ ಹೋಗುತ್ತದೆ; ಒಂದೇ ಕೈ ಎತ್ತಿ “ನಿಲ್ಸಿ, ನಿಲ್ಸಿ!” ಎನ್ನುತ್ತ ಬೆನ್ನಟ್ಟಿದೆ. ಕಂಡಕ್ಟರು ಹಿಂದಿನ ಕಿಟಕಿಯಿಂದ ತಲೆ ಹೊರಹಾಕಿದರು. ಗುರುತು ಹತ್ತಿತು. ಮುಖವರಳಿತು. ಒಳಗೆ ತಿರುಗಿ, “ಅವರು ಸುಮ್ಮನ ಓಡೂ ಸರ, ಆರೋಗ್ಯಕ್ಕ” ಎಂದು ಡ್ರೈವರಿಗೆ ಸಮಾಧಾನ ಹೇಳಿದರು. ಆಮೇಲೆ ಬಸ್ಸಿಗೆ ಬಸ್ಸೇ ಕಿಟಕಿಗಳಲ್ಲಿ ತುಂಬಿಕೊಂಡು ನನಗೆ ಕೈಬೀಸಿತು.

“ಓಡ್ರಿ ಸರ, ಓಡ್ರಿ!”